ವಿಲ್ಲಿಸ್ ಮುಖ, ಲ್ಯಾಂಡ್‌ರೋವರ್ ಕಾಲು: ಎರಡು ಕಿಟ್ ಕಡಿದು ಒಂದು ತೋಟದ ಜೀಪ್ ಕಟ್ಟುವುದು

ಆಲ್ದೂರಿನ ಹತ್ತಿರ ನಮ್ಮ ಚಿಕ್ಕಪ್ಪನ ತೋಟದಲ್ಲಿ ಒಂದು ಜೀಪಿದೆ. ಆರ್‌ಸಿ ಪುಸ್ತಕದ ಪ್ರಕಾರ ಮಹೀಂದ್ರ. ಬಾನೆಟ್ ಎತ್ತಿದರೆ ಪ್ಯೂಜೋ ಡೀಸೆಲ್ ಎಂಜಿನ್, ಅದರ ಹಿಂದೆ ಇನ್ಯಾವುದೋ ಗಾಡಿಯ ಗೇರ್‌ಬಾಕ್ಸ್. ಚಾಸಿಯನ್ನು ಯಾವ ಕಾಲದಲ್ಲೋ ಕಡಿದು, ನಡುವೆ ತುಂಡು ಕೊಟ್ಟು ವೆಲ್ಡ್ ಮಾಡಿಸಿದ್ದಾರೆ, ಹಿಂದೆ ಎರಡು ಬೆಂಚ್ ಹಾಕಿ ಆಳುಗಳನ್ನು ಕೂರಿಸಲು. ನಾಲ್ಕು ಟೈರು ಮೂರು ಕಂಪನಿಯವು. ಮಲೆನಾಡಿನ ಹಳೇ ಜೀಪುಗಳೆಲ್ಲ ಹೆಚ್ಚುಕಡಿಮೆ ಹೀಗೇ.

ಈ ಜೀಪಿನ ಮಾಡೆಲ್ ಬೇಕು ಅಂತ ನನಗೆ ಬಹಳ ದಿನದ ಆಸೆ. ಆದರೆ ಗ್ಯಾರೇಜಿನಲ್ಲಿ ಹುಟ್ಟಿದ ಗಾಡಿಗೆ ಕಿಟ್ (ಜೋಡಿಸಿ ಪುಟ್ಟ ಮಾಡೆಲ್ ಕಟ್ಟುವ ಪ್ಲಾಸ್ಟಿಕ್ ಬಿಡಿಭಾಗಗಳ ಪೆಟ್ಟಿಗೆ) ಯಾರು ಮಾಡುತ್ತಾರೆ? ಹಾಗಾಗಿ ಗ್ಯಾರೇಜಿನವರು ಮಾಡಿದ್ದನ್ನೇ ನಾನೂ 1/24ರ ಅಳತೆಯಲ್ಲಿ, ಅಂದರೆ ನಿಜವಾದ ಗಾಡಿಯ ಇಪ್ಪತ್ನಾಲ್ಕನೇ ಒಂದು ಪಾಲಿಗೆ ಇಳಿಸಿ, ಮಾಡಿದೆ: ಎರಡು ಬೇರೆ ಬೇರೆ ಗಾಡಿಯ ಕಿಟ್ ತಂದು, ಕಡಿದು, ಒಂದು ಮಾಡಿದೆ. ನೀವು ಜೀಪನ್ನೇ ಮಾಡಬೇಕಿಲ್ಲ. ಅಂಬಾಸಿಡರ್ ಪಿಕಪ್ ಮಾಡಿ, ಉದ್ದ ಮೂತಿಯ ಲಾರಿ ಮಾಡಿ, ಕ್ರಮ ಇದೇ.

ಮೊದಲು ಟೇಪು, ಆಮೇಲೆ ಕಿಟ್

ಕಿಟ್ ಕೊಂಡು ಆಮೇಲೆ ಏನು ಮಾಡೋದು ಅಂತ ಯೋಚಿಸುವುದು ಎಲ್ಲರೂ ಮಾಡುವ ತಪ್ಪು. ಮೊದಲು ನಿಜವಾದ ಗಾಡಿಯ ಪಕ್ಕ ಅಳತೆ ಟೇಪು ಹಿಡಿದು ನಿಲ್ಲಿ. ನಾನು ಟೇಪು ಹಿಡಿದು ಜೀಪಿನ ಅಡಿಗೆ ನುಗ್ಗಿದಾಗ ಚಿಕ್ಕಪ್ಪ, 'ಎಂಥದಾ ಮಾರಾಯ, ಮಾರೋಕೆ ಗಿರಾಕಿ ಕರ್ಕೊಂಡು ಬಂದಿದೀಯಾ?' ಅಂದರು.

ನಾಲ್ಕು ಅಳತೆ ಸಾಕು. ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿಗೆ ಎಷ್ಟು, ಅಂದರೆ ವೀಲ್‌ಬೇಸ್. ಟೈರಿನ ಎತ್ತರ. ನೆಲದಿಂದ ಬಾಡಿಯ ಕೆಳ ಅಂಚಿಗೆ ಎಷ್ಟು. ಬಾಡಿಯ ಅಗಲ. ನನ್ನ ಜೀಪಿನಲ್ಲಿ ವೀಲ್‌ಬೇಸ್ 2460 ಮಿ.ಮೀ. ಬಂತು, ಟೈರು 740, ನೆಲದಿಂದ ಬಾಡಿಗೆ 540. ಎಲ್ಲವನ್ನೂ 24ರಿಂದ ಭಾಗಿಸಿ: 102.5, 30.8, 22.5. ಈ ಅಂಕಿಗಳನ್ನು ಒಂದು ರಟ್ಟಿನ ಮೇಲೆ ದಪ್ಪಗೆ ಬರೆದು ಮೇಜಿನ ಎದುರಿಗೆ ಅಂಟಿಸಿ. ಮುಂದಿನ ಎರಡು ತಿಂಗಳು ನಿಮಗೆ ಅದೇ ಪಂಚಾಂಗ.

ಈಗ ಕಿಟ್. ನಾನು ಆರಿಸಿದ್ದು ಇಟಲೇರಿ ಕಂಪನಿಯ 1/24 ವಿಲ್ಲಿಸ್ ಎಂಬಿ (ಯುದ್ಧಕಾಲದ ಜೀಪು), ರೆವೆಲ್ ಕಂಪನಿಯ 1/24 ಲ್ಯಾಂಡ್‌ರೋವರ್ ಸೀರೀಸ್ 3. ವಿಲ್ಲಿಸ್‌ನ ವೀಲ್‌ಬೇಸ್ 80 ಇಂಚು, ಅಂದರೆ ಕಿಟ್‌ನಲ್ಲಿ 84.7 ಮಿ.ಮೀ. ಉದ್ದನೆಯ ಲ್ಯಾಂಡ್‌ರೋವರ್‌ನದು 109 ಇಂಚು, ಕಿಟ್‌ನಲ್ಲಿ 115.4. ನನಗೆ ಬೇಕಾದ 102.5 ಇವೆರಡರ ನಡುವೆ ಬರುತ್ತದೆ. ವಿಲ್ಲಿಸ್ ಚಾಸಿ ಬಳಸಿದರೆ 17.8 ಮಿ.ಮೀ. ಸೇರಿಸಬೇಕು, ಲ್ಯಾಂಡ್‌ರೋವರ್ ಚಾಸಿ ಬಳಸಿದರೆ 12.9 ಕಡಿಯಬೇಕು. ಸೇರಿಸುವುದಕ್ಕಿಂತ ಕಡಿಯುವುದು ಯಾವಾಗಲೂ ಸುಲಭ. ಸೇರಿಸಿದರೆ ಎರಡು ಬೆಸುಗೆ, ಕಡಿದರೆ ಒಂದೇ. ಜೊತೆಗೆ ಎರಡೂ ಗಾಡಿಗೆ ಕಮಾನ್ ಪಟ್ಟಿಯ ಸಸ್ಪೆನ್ಶನ್, ಎರಡಕ್ಕೂ ಗಟ್ಟಿ ಆಕ್ಸಲ್. ಹಾಗಾಗಿ ಕಾಲು ಲ್ಯಾಂಡ್‌ರೋವರ್‌ದು, ಮುಖ ವಿಲ್ಲಿಸ್‌ದು ಅಂತ ತೀರ್ಮಾನವಾಯಿತು.

ಪೆಟ್ಟಿಗೆಯ ಮೇಲಿನ ಸ್ಕೇಲಿನ ವಿಚಾರ. ಜಪಾನಿನ ಕಾರ್ ಕಿಟ್‌ಗಳು ಸಾಮಾನ್ಯವಾಗಿ 1/24, ಅಮೆರಿಕದ ಹಳೇ ಕಿಟ್‌ಗಳು 1/25. ವ್ಯತ್ಯಾಸ ಶೇಕಡಾ 4 ಅಷ್ಟೇ. ಬಾಡಿಯ ಅರ್ಧ ಇದರಲ್ಲಿ, ಅರ್ಧ ಅದರಲ್ಲಿ ಮಾಡಲು ಹೋದರೆ ಆ 4 ಕಣ್ಣಿಗೆ ರಾಚುತ್ತದೆ. ಆದರೆ ಟೈರು, ಕನ್ನಡಿ, ಗೇರ್ ಲಿವರ್, ಸೀಟು ಇವುಗಳಿಗೆ ಸ್ಕೇಲೇ ಇಲ್ಲ ಅಂತ ತಿಳಿಯಿರಿ, ಅವಕ್ಕೆ ಇರುವುದು ಅಳತೆ ಮಾತ್ರ. ನಾನು ಹಾಕಿದ ಟೈರು 1/25ರ ಒಂದು ಪಿಕಪ್ ಕಿಟ್‌ನದು. ಕ್ಯಾಲಿಪರ್ (ದವಡೆಯಲ್ಲಿ ಹಿಡಿದು ಅಳೆಯುವ ಉಪಕರಣ) ಇಟ್ಟಾಗ 31 ಮಿ.ಮೀ. ತೋರಿಸಿತು, ಬೇಕಾದ್ದು 30.8. ಲ್ಯಾಂಡ್‌ರೋವರ್‌ನ ಸ್ವಂತ ಟೈರು ಜೀಪಿಗೆ ದೊಡ್ಡದಾಗಿ, ಮಗುವಿಗೆ ಅಪ್ಪನ ಚಪ್ಪಲಿ ಹಾಕಿದ ಹಾಗೆ ಕಾಣುತ್ತಿತ್ತು. 1/35ರ ಮಿಲಿಟರಿ ಕಿಟ್‌ನ ಬಿಡಿಭಾಗಗಳು ಮಾತ್ರ ಬೇಡ. ಅದರ 20 ಲೀಟರಿನ ಪೆಟ್ರೋಲ್ ಕ್ಯಾನ್ 1/24ರ ಗಾಡಿಯಲ್ಲಿ ಆರು ಲೀಟರಿನ ಎಣ್ಣೆ ಡಬ್ಬಿಯಾಗಿಬಿಡುತ್ತದೆ.

ಕಡಿಯಬಾರದ ಭಾಗ ಯಾವುದು?

ಎರಡು ಕಿಟ್ ಸೇರಿಸುವಾಗ ಎಲ್ಲವನ್ನೂ ಎಲ್ಲದಕ್ಕೂ ಹೊಂದಿಸಲು ಹೋದರೆ ಯಾವುದೂ ನಿಲ್ಲುವುದಿಲ್ಲ. ಒಂದು ಭಾಗವನ್ನು ದೇವರು ಅಂತ ಕೂರಿಸಿ, ಅದಕ್ಕೆ ಬ್ಲೇಡ್ ತಾಗಿಸಬೇಡಿ. ಉಳಿದದ್ದೆಲ್ಲ ಅದಕ್ಕೆ ಬಗ್ಗಲಿ. ನನಗೆ ಅದು ವಿಲ್ಲಿಸ್‌ನ ಕೌಲ್: ಬಾನೆಟ್ ಮುಗಿದು ಗಾಜಿನ ಚೌಕಟ್ಟು ಶುರುವಾಗುವ ಆ ಅಡ್ಡ ಪಟ್ಟಿ. ಬಾನೆಟ್ಟಿನ ಅಗಲ, ಗಾಜಿನ ಎತ್ತರ, ಬಾಗಿಲಿನ ಬಾಗು ಎಲ್ಲ ಅಲ್ಲಿಂದಲೇ ಹೊರಡುತ್ತವೆ. ನೀವು ಕಾರು ಮಾಡುವುದಾದರೆ ಗಾಜಿರುವ ಭಾಗವನ್ನು ಇಡಿಯಾಗಿ ಉಳಿಸಿಕೊಳ್ಳಿ. ತಗಡು ಬೇಕಾದಷ್ಟು ಕಟ್ಟಬಹುದು, ಬಾಗಿದ ಗಾಜು ಕಟ್ಟಲು ಬಹಳ ಕಷ್ಟ.

ಸಾಮಾನು

ದಂಡಿ ಸಾಮಾನು ಬೇಡ. ತೆಳು ಹಲ್ಲಿನ ರೇಜರ್ ಗರಗಸ, ಚಪ್ಪಟೆ ಅರ, ಕ್ಯಾಲಿಪರ್, ಸಣ್ಣ ಮೂಲೆಮಟ್ಟ. 0.5 ಮತ್ತು 1 ಮಿ.ಮೀ. ದಪ್ಪದ ಸ್ಟೈರೀನ್ ಶೀಟ್, ಅಂದರೆ ಕಿಟ್‌ನ ಜಾತಿಯದೇ ಪ್ಲಾಸ್ಟಿಕ್ ಹಾಳೆ. ಶೀಟ್ ಊರಲ್ಲಿ ಸಿಗದಿದ್ದರೆ ತರಿಸಬೇಕು, ಅಥವಾ ತಳದಲ್ಲಿ ತ್ರಿಕೋನದೊಳಗೆ 6 ಅಂತ ಅಚ್ಚಾಗಿರುವ ಡಬ್ಬಿ ಹುಡುಕಿ, ಅದು ಪಾಲಿಸ್ಟೈರೀನ್. ವಾಟರ್ ಪೇಪರ್ 320, 600, 1000 ನಂಬರಿನವು ಕಾರಿಗೆ ಪೇಂಟ್ ಮಾರುವ ಯಾವ ಅಂಗಡಿಯಲ್ಲೂ ಸಿಗುತ್ತವೆ. 1 ಮಿ.ಮೀ. ತಾಮ್ರದ ತಂತಿಗೆ ಮೋಟಾರ್ ವೈಂಡಿಂಗ್ ಅಂಗಡಿಗೆ ಹೋಗಿ. ತೂಕಕ್ಕೆ ಕೊಡುತ್ತಾರೆ, ನಮಗೆ ಬೇಕಾದಷ್ಟಕ್ಕೆ ದುಡ್ಡು ತಗೊಳ್ಳಲು ಅವರಿಗೇ ಸಂಕೋಚ.

ಅಂಟು ಮೂರು ಬಗೆ, ಮೂರಕ್ಕೂ ಬೇರೆ ಬೇರೆ ಕೆಲಸ. ಕಿಟ್ ಪ್ಲಾಸ್ಟಿಕ್‌ಗೆ ತೆಳು ಸಿಮೆಂಟ್ (ಮನೆ ಕಟ್ಟುವ ಸಿಮೆಂಟ್ ಅಲ್ಲ, ನೀರಿನ ಹಾಗಿರುವ ಮಾಡೆಲ್ ಅಂಟು), ಉದಾಹರಣೆಗೆ ಟಾಮಿಯಾದ ಎಕ್ಸ್‌ಟ್ರಾ ಥಿನ್. ಅದು ಅಂಟುವುದಲ್ಲ, ಪ್ಲಾಸ್ಟಿಕ್ಕನ್ನೇ ಕರಗಿಸಿ ಬೆಸೆಯುತ್ತದೆ. ಲೋಹಕ್ಕೆ, ತಂತಿಗೆ ಫೆವಿಕ್ವಿಕ್. ಗಾಜಿಗೆ ಮಾತ್ರ ಫೆವಿಕಾಲ್. ಫೆವಿಕ್ವಿಕ್‌ನ ಆವಿ ತಾಗಿದರೆ ಪಾರದರ್ಶಕ ಪ್ಲಾಸ್ಟಿಕ್ ಮೇಲೆ ಬಿಳಿ ಮಂಜು ಕೂರುತ್ತದೆ, ಮತ್ತೆ ಉಜ್ಜಿ ತೆಗೆಯಬೇಕು. ಸಿಮೆಂಟ್ ಬಳಸುವಾಗ ಕೋಣೆಯ ಕಿಟಕಿ ತೆರೆದಿಡಿ.

ಇನ್ನೊಂದು ಅಂಟು ಮನೆಯಲ್ಲೇ ಮಾಡಿಕೊಳ್ಳಿ. ಕಿಟ್‌ನ ಬಿಡಿಭಾಗ ಕತ್ತರಿಸಿದ ಮೇಲೆ ಉಳಿಯುವ ಕಡ್ಡಿಗಳನ್ನು ಸಣ್ಣಗೆ ತುಂಡು ಮಾಡಿ, ಸಿಮೆಂಟಿನ ಅರ್ಧ ಖಾಲಿಯಾದ ಸೀಸೆಗೆ ಹಾಕಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಅದು ರಾಗಿ ಅಂಬಲಿಯ ಹದಕ್ಕೆ ಬಂದಿರುತ್ತದೆ. ಬಿರುಕು ತುಂಬಲು ಇದಕ್ಕಿಂತ ಒಳ್ಳೆಯದಿಲ್ಲ, ಯಾಕೆಂದರೆ ಒಣಗಿದ ಮೇಲೆ ಅದೂ ಅದೇ ಪ್ಲಾಸ್ಟಿಕ್. ಎಂ-ಸೀಲ್ ಬಳಸಿದರೆ ಅದು ಸುತ್ತಲಿನ ಪ್ಲಾಸ್ಟಿಕ್ಕಿಗಿಂತ ಗಟ್ಟಿ. ಉಜ್ಜಿದಾಗ ಅಕ್ಕಪಕ್ಕ ಸವೆದು, ಅದು ಮಾತ್ರ ದಿಣ್ಣೆಯಾಗಿ ಉಳಿಯುತ್ತದೆ.

ಚಾಸಿ

ಇಲ್ಲಿ ಅವಸರ ಬೇಡವೇ ಬೇಡ. ನನ್ನ ಮೊದಲ ಪ್ರಯತ್ನದಲ್ಲಿ ಬಾಡಿ ಮೊದಲು ಕಡಿದೆ, ಚಾಸಿ ಆಮೇಲೆ ನೋಡಿದರಾಯಿತು ಅಂತ. ಕೊನೆಗೆ ಚಾಸಿ ಒಂದು ಕೂದಲೆಳೆ ತಿರುಚಿಕೊಂಡು, ಗಾಡಿ ಮೂರು ಚಕ್ರದ ಮೇಲೆ ನಿಂತು ನಾಲ್ಕನೆಯದನ್ನು ನಾಯಿ ಕಾಲೆತ್ತಿದ ಹಾಗೆ ಎತ್ತಿಕೊಂಡಿತ್ತು. ಅಷ್ಟೂ ಕೆಲಸ ಕಸದ ಬುಟ್ಟಿಗೆ.

ಹೀಗೆ ಮಾಡಿ. ಲ್ಯಾಂಡ್‌ರೋವರ್ ಚಾಸಿ ಏಣಿಯ ಹಾಗೆ, ಎರಡು ಉದ್ದ ದೂಲ, ನಡುವೆ ಅಡ್ಡಪಟ್ಟಿ. ಕಮಾನ್ ಪಟ್ಟಿ ಕೂರುವ ಜಾಗ ಬಿಟ್ಟು ನಡುವೆ ದೂಲ ನೇರವಾಗಿರುವ ಕಡೆ ಗುರುತು ಮಾಡಿ. ಗುರುತಿಗೆ ಪೆನ್ಸಿಲ್ ಬೇಡ, ಮಾಸ್ಕಿಂಗ್ ಟೇಪಿನ ಅಂಚನ್ನೇ ಗೆರೆ ಮಾಡಿಕೊಳ್ಳಿ. ಗರಗಸ ಗೆರೆಯ ಮೇಲೆ ಓಡಬಾರದು, ತೆಗೆದುಹಾಕುವ ತುಂಡಿನ ಕಡೆಗೆ ಅರ್ಧ ಮಿ.ಮೀ. ಸರಿದು ಓಡಬೇಕು. ಗರಗಸದ ದಪ್ಪಕ್ಕೆ ಒಂದಿಷ್ಟು ಪ್ಲಾಸ್ಟಿಕ್ ಪುಡಿಯಾಗಿ ಹೋಗುತ್ತದೆ, ಅದರ ಲೆಕ್ಕ ಇಡದಿದ್ದರೆ 12.9 ಕಡಿಯಲು ಹೋಗಿ 14 ಕಡಿದಿರುತ್ತೀರಿ. ಉಳಿದ ಅರ್ಧವನ್ನು ಅರದಿಂದ ತೆಗೆಯಿರಿ, ಎರಡು ಸಲ ಉಜ್ಜಿ ಒಂದು ಸಲ ಅಳೆಯಿರಿ.

ಎಡ ದೂಲವನ್ನೂ ಬಲ ದೂಲವನ್ನೂ ಒಂದೇ ಜಾಗದಲ್ಲಿ ಕಡಿಯಬೇಡಿ. ಎಡದ್ದು ಹತ್ತು ಮಿ.ಮೀ. ಮುಂದೆ, ಬಲದ್ದು ಹತ್ತು ಹಿಂದೆ. ಬೆಸುಗೆ ಒಂದೇ ಸಾಲಿನಲ್ಲಿ ಬಂದರೆ ಚಾಸಿ ಅಲ್ಲೇ ಮಡಚಿಕೊಳ್ಳುತ್ತದೆ. ಚಿಕ್ಕಪ್ಪನ ಜೀಪಿನ ಅಡಿಯಲ್ಲಿ ಮಲಗಿದಾಗ ನೋಡಿದ್ದೆ, ವೆಲ್ಡರ್ ಕೂಡ ಇದನ್ನೇ ಮಾಡಿದ್ದಾನೆ, ಬೆಸುಗೆಯ ಪಕ್ಕಕ್ಕೆ ಒಂದು ಉದ್ದ ಪ್ಲೇಟನ್ನೂ ಹೊಲಿದಿದ್ದಾನೆ. ನೀವೂ ದೂಲದ ಒಳಗಡೆಗೆ 0.5ರ ಸ್ಟೈರೀನ್ ಪಟ್ಟಿ, 25 ಮಿ.ಮೀ. ಉದ್ದದ್ದು, ಅಂಟಿಸಿ.

ಜೋಡಿಸುವುದು ಗಾಜಿನ ಮೇಲೆ. ಹಳೇ ಫೋಟೋ ಫ್ರೇಮಿನ ಗಾಜು ಸಾಕು, ಅದರಷ್ಟು ಸಮತಟ್ಟು ಮನೆಯಲ್ಲಿ ಬೇರೇನೂ ಇರುವುದಿಲ್ಲ. ಗಾಜಿನ ಅಡಿಗೆ ಗ್ರಾಫ್ ಕಾಗದ ಇಟ್ಟರೆ ಗೆರೆಗಳು ಕಾಣುತ್ತವೆ, ಚಾಸಿ ಆ ಗೆರೆಗೆ ಕೂರಲಿ. ಎರಡೂ ಕಡೆ ಭಾರಕ್ಕೆ ಹಳೇ ಬ್ಯಾಟರಿಗಳನ್ನು ಒತ್ತಿಡಿ, ಸಿಮೆಂಟ್ ಕುಂಚದಲ್ಲಿ ತಾಗಿಸಿ, ಒಂದು ಪೂರ್ತಿ ದಿನ ಮುಟ್ಟಬೇಡಿ. ಮಳೆಗಾಲವಾದರೆ ಎರಡು ದಿನ.

ಮರುದಿನ ಆಕ್ಸಲ್, ಚಕ್ರ ಅಂಟಿಸದೆ ಸುಮ್ಮನೆ ಸಿಕ್ಕಿಸಿ, ಅದೇ ಗಾಜಿನ ಮೇಲೆ ನಿಲ್ಲಿಸಿ. ಪ್ರತಿ ಚಕ್ರದ ಅಡಿಗೂ ಒಂದು ತೆಳು ಕಾಗದದ ಚೂರು ತೂರಿಸಿ ನೋಡಿ. ನಾಲ್ಕೂ ಕಡೆ ಕಾಗದ ಬಿಗಿಯಾಗಿ ಹಿಡಿದರೆ ಗೆದ್ದಿರಿ.

ಮುಂಭಾಗದಲ್ಲಿ ಲ್ಯಾಂಡ್‌ರೋವರ್ ಚಾಸಿಯ ಕೊಂಬು ಜೀಪಿನ ಬಂಪರಿಗಿಂತ ಮುಂದೆ ಬರುತ್ತದೆ. ಗ್ರಿಲ್ ಕೂರಿಸಿ ನೋಡಿ ಆಮೇಲೆ ಕತ್ತರಿಸಿ. ಆಕ್ಸಲ್ ಕೂಡ ಜೀಪಿನದಕ್ಕಿಂತ ಎರಡೂವರೆ ಮಿ.ಮೀ. ಅಗಲ. ನಾನು ಹಾಗೇ ಬಿಟ್ಟೆ. ಚಕ್ರ ಮಡ್‌ಗಾರ್ಡಿನಿಂದ ಒಂದಿಷ್ಟು ಹೊರಗೆ ಬಂದು ಗಾಡಿಗೆ ಒಂದು ಗತ್ತು ಬಂತು.

ಬಾಡಿ ಉದ್ದ ಮಾಡುವುದು

ವಿಲ್ಲಿಸ್ ಬಾಡಿಯನ್ನು ಹಿಂದಿನ ಚಕ್ರದ ಗೂಡು ಶುರುವಾಗುವುದಕ್ಕೆ ಸ್ವಲ್ಪ ಮುಂದೆ, ಬಾಗಿಲಿನ ಬಾಗು ಮುಗಿದ ಮೇಲೆ ಅಡ್ಡಕ್ಕೆ ಕಡಿಯಿರಿ. ನಡುವಿನ 17.8 ಮಿ.ಮೀ.ಗೆ 1 ಮಿ.ಮೀ. ಶೀಟ್. ಪಕ್ಕದ ಎರಡು ಪಟ್ಟಿಗಳನ್ನು ಒಟ್ಟಿಗೆ ಟೇಪು ಸುತ್ತಿ ಒಂದೇ ಸಲ ಅರ ಹಾಕಿ, ಆಗ ಎಡಬಲ ಒಂದೇ ಅಳತೆ. ನೆಲಕ್ಕೆ ಒಂದು ತುಂಡು. ಒಳಗಡೆ, ಬೆಂಚಿನ ಅಡಿಗೆ ಮರೆಯಾಗುವ ಕಡೆ, ಬೆಸುಗೆಗೆ ಅಡ್ಡಲಾಗಿ ಪಟ್ಟಿ ಕೊಡಿ.

ವಿಲ್ಲಿಸ್ ಎಂಬಿ ಯುದ್ಧದ ಗಾಡಿ, ಅದಕ್ಕೆ ಹಿಂದೆ ತೆರೆಯುವ ಬಾಗಿಲಿಲ್ಲ, ಸ್ಟೆಪ್ನಿ ಹಿಂಭಾಗಕ್ಕೆ ನೇತಾಡುತ್ತದೆ. ತೋಟದ ಜೀಪಿಗೆ ಟೇಲ್‌ಗೇಟ್ ಇಲ್ಲದಿದ್ದರೆ ಕಾಫಿ ಮೂಟೆ ಏರಿಸುವುದು ಹೇಗೆ? ಹಿಂದಿನ ತಗಡನ್ನು ಕತ್ತರಿಸಿ, ಶೀಟಿನಲ್ಲಿ ಬಾಗಿಲು ಮಾಡಿ, ಅರ್ಧ ತೆರೆದು ಇಳಿಬಿಡಿ. ಅದರ ಸರಪಳಿಗೆ ಬ್ಯಾಂಗಲ್ ಸ್ಟೋರಿನ ಅತಿ ತೆಳು ಕಾಲ್ಗೆಜ್ಜೆ ಸರ ಕೊಂಡು ತಂದೆ. ಚಿನ್ನದ ಬಣ್ಣ ಕಾಣದ ಹಾಗೆ ಕಪ್ಪು ಬಳಿದರೆ ಸರಿಯಾಗಿ ಕೂರುತ್ತದೆ.

ಮುಖ

ಹೆಚ್ಚಿನವರು ತಪ್ಪುವುದು ಇಲ್ಲಿ. ವಿಲ್ಲಿಸ್ ಎಂಬಿ ಗ್ರಿಲ್ಲಿನಲ್ಲಿ ಒಂಬತ್ತು ಸೀಳು, ದೀಪ ಚಿಕ್ಕದು, ಗ್ರಿಲ್ಲಿನ ಒಳಕ್ಕೆ ಕೂತಿರುತ್ತದೆ. ನಮ್ಮ ರಸ್ತೆಯ ಜೀಪು ಸಿಜೆ ವಂಶದ್ದು, ಅಂದರೆ ವಿಲ್ಲಿಸ್‌ನವರು ಯುದ್ಧ ಮುಗಿದ ಮೇಲೆ ಜನರಿಗೆ ಅಂತ ಮಾಡಿದ ಜೀಪಿನದು: ಏಳು ಸೀಳು, ದೊಡ್ಡ ದೀಪ. ಅದರಲ್ಲೂ 1953ರಲ್ಲಿ ಬಂದ ಸಿಜೆ-3ಬಿ ನಮೂನೆಯಾದರೆ ಬಾನೆಟ್ ಎತ್ತರ. ಹೊಸ ಎಂಜಿನ್ ಹಳೇ ಬಾನೆಟ್ಟಿನೊಳಗೆ ಹಿಡಿಸಲಿಲ್ಲ, ಅದಕ್ಕೇ ವಿಲ್ಲಿಸ್‌ನವರು ಬಾನೆಟ್ ಎತ್ತರಿಸಿದರು. ಮಹೀಂದ್ರ ಆ ಎತ್ತರದ ಬಾನೆಟ್ಟನ್ನು ದಶಕಗಳ ಕಾಲ ಮಾಡಿತು. ಒಂಬತ್ತು ಸೀಳಿನ ಗ್ರಿಲ್ ಹಾಕಿ 'ತೋಟದ ಜೀಪು' ಅಂದರೆ ಚಿಕ್ಕಮಗಳೂರಿನ ಜೀಪ್ ಸ್ಟ್ಯಾಂಡಿನಲ್ಲಿ ನಗುತ್ತಾರೆ.

ಬಾನೆಟ್ಟಿನ ಮೇಲ್ಭಾಗವನ್ನು ಪಕ್ಕಗಳಿಂದ ಬಿಡಿಸಿ. ಪಕ್ಕಕ್ಕೆ ಪಟ್ಟಿ ಕೊಟ್ಟು ಎತ್ತರಿಸಿ, ನನಗೆ 4 ಮಿ.ಮೀ. ಬೇಕಾಯಿತು. ಕೌಲ್‌ಗೆ ಬ್ಲೇಡ್ ತಾಗಿಸಬಾರದು ಅಂದೆನಲ್ಲ, ಬಾನೆಟ್ ಎತ್ತರವಾದ ಮೇಲೆ ಅಲ್ಲೊಂದು ಮೆಟ್ಟಿಲು ಉಳಿಯುತ್ತದೆ. ಅದನ್ನು ಕಡಿದು ಸರಿ ಮಾಡಬೇಡಿ, ಕೌಲ್ ಮೇಲೆ ತೆಳು ಶೀಟ್ ಹೊದಿಸಿ ಎತ್ತರಿಸಿ. ಗ್ರಿಲ್ಲಿಗೆ 1 ಮಿ.ಮೀ. ಶೀಟ್. ಸೀಳಿನ ಎರಡು ತುದಿಗೆ ರಂಧ್ರ ಕೊರೆದು, ನಡುವೆ ಬ್ಲೇಡಿನಿಂದ ಬಿಡಿಸಿ. ಮೊದಲು ನಡುವಿನ ಸೀಳು, ಆಮೇಲೆ ಎರಡೂ ಕಡೆ ಮೂರು ಮೂರು. ಒಂದು ಕಡೆಯಿಂದ ಶುರು ಮಾಡಿದರೆ ಏಳನೆಯದಕ್ಕೆ ಬರುವಷ್ಟರಲ್ಲಿ ಜಾಗ ಸಾಲದೆ ಹೋಗುತ್ತದೆ. ನಾನು ಮೂರು ಗ್ರಿಲ್ ಹಾಳು ಮಾಡಿದೆ, ನಾಲ್ಕನೆಯದು ಒಪ್ಪಿತು.

ದೀಪದ ವಿಷಯದಲ್ಲಿ ಅದೃಷ್ಟ. ಲ್ಯಾಂಡ್‌ರೋವರ್‌ನದೂ 7 ಇಂಚಿನ ಗುಂಡು ದೀಪ, ಜೀಪಿನದೂ 7 ಇಂಚು. 1/24ರಲ್ಲಿ 7.4 ಮಿ.ಮೀ. ಆ ಕಿಟ್‌ನ ದೀಪವೇ ಇದಕ್ಕೆ ಕೂತಿತು. ಬಿಡಿಭಾಗಕ್ಕೆ ಕ್ರೋಮ್ ಲೇಪ ಇದ್ದು ಅದು ಬೇಡವಾದರೆ ಬಟ್ಟೆಗೆ ಹಾಕುವ ಬ್ಲೀಚ್ ದ್ರಾವಣದಲ್ಲಿ ನೆನೆಸಿಡಿ, ಬಿಟ್ಟುಹೋಗುತ್ತದೆ. ಅದೇ ಬಟ್ಟಲಿಗೆ ಟಾಯ್ಲೆಟ್ ಕ್ಲೀನರ್ ಮಾತ್ರ ಬೆರೆಸಬೇಡಿ, ಕ್ಲೋರಿನ್ ವಿಷಗಾಳಿ ಏಳುತ್ತದೆ.

ಎರಡೂ ಕಿಟ್ ಹೊರದೇಶದವು, ಸ್ಟಿಯರಿಂಗ್ ಎಡಕ್ಕಿದ್ದರೆ ಬಲಕ್ಕೆ ತರಬೇಕು. ಎಲ್ಲರೂ ಸ್ಟಿಯರಿಂಗ್ ತರುತ್ತಾರೆ, ಪೆಡಲುಗಳನ್ನು ಎಡಗಡೆಯೇ ಮರೆಯುತ್ತಾರೆ.

ಎಂಜಿನ್ ಬಗ್ಗೆ ನನ್ನ ಸಲಹೆ: ಬಾನೆಟ್ ಮುಚ್ಚಿ ಅಂಟಿಸಿಬಿಡಿ. ಮೊದಲ ಗಾಡಿಯಲ್ಲೇ ಎಲ್ಲ ತೆರೆಯಬೇಕು ಅಂತ ಹೊರಟರೆ ಯಾವುದೂ ಮುಗಿಯುವುದಿಲ್ಲ.

ಟಾರ್ಪಾಲು

ಟಾರ್ಪಾಲು ಹೊರುವ ಪೈಪಿನ ಕಮಾನಿಗೆ 1 ಮಿ.ಮೀ. ತಾಮ್ರದ ತಂತಿ, ನಿಜವಾದ ಒಂದಿಂಚಿನ ಪೈಪಿಗೆ ಅದು ಸಮ. ಪೆನ್ನಿನ ಸುತ್ತ ಬಗ್ಗಿಸಿದರೆ ಮೂಲೆಗಳು ಒಂದೇ ಥರ ಬರುತ್ತವೆ. ಟಾರ್ಪಾಲಿಗೆ ಟಿಶ್ಯೂ ಪೇಪರ್: ಎರಡು ಪದರವಿದ್ದರೆ ಬಿಡಿಸಿ ಒಂದನ್ನೇ ತೆಗೆದುಕೊಳ್ಳಿ, ನೀರು ಬೆರೆಸಿದ ಫೆವಿಕಾಲ್‌ನಲ್ಲಿ ಅದ್ದಿ ಕಮಾನಿನ ಮೇಲೆ ಹೊದಿಸಿ. ಕಮಾನುಗಳ ನಡುವೆ ಅದು ತಾನಾಗಿ ಒಂಚೂರು ಜೋತು ಬೀಳುತ್ತದೆ, ಎಳೆದು ಸರಿ ಮಾಡಬೇಡಿ. ಜೋತ ಜಾಗದಲ್ಲೇ ಮಳೆನೀರು ನಿಲ್ಲುವುದು, ಅಲ್ಲೇ ಪಾಚಿ ಹಿಡಿಯುವುದು. ಬಣ್ಣ ಹಚ್ಚುವಾಗ ಆ ಗುಂಡಿಗಳಿಗೆ ತೆಳು ಹಸಿರು ಕೊಡಿ.

ಬಣ್ಣ ಯಾವಾಗ

ಕಡಿಯುವ ಕೆಲಸ ಮಳೆಗಾಲಕ್ಕೆ, ಬಣ್ಣ ದೀಪಾವಳಿ ಕಳೆದ ಮೇಲೆ. ಈ ಪಾಠ ನಾನು ಜುಲೈ ತಿಂಗಳಲ್ಲಿ ಕಲಿತೆ. ಸ್ಪ್ರೇ ಪ್ರೈಮರ್ ಹೊಡೆದು ಊಟಕ್ಕೆ ಹೋಗಿ ಬಂದರೆ ಇಡೀ ಗಾಡಿಗೆ ಬೂದಿ ಹಿಡಿದಂತೆ ಬೆಳ್ಳಗಿನ ಪೊರೆ. ಸ್ಪ್ರೇಯಲ್ಲಿರುವ ಥಿನ್ನರ್ ಆರುವಾಗ ಮೇಲ್ಮೈ ತಣ್ಣಗಾಗುತ್ತದೆ, ಗಾಳಿಯಲ್ಲಿರುವ ತೇವ ಅಲ್ಲೇ ಇಬ್ಬನಿಯಾಗಿ ಕೂರುತ್ತದೆ. ನಮ್ಮೂರಿನ ಮಳೆಗಾಲದಲ್ಲಿ ಗಾಳಿಗೆ ತೇವ ಬಿಟ್ಟು ಬೇರೇನಿದೆ? ಕಾಯಲಾಗದಿದ್ದರೆ ಅಕ್ರಿಲಿಕ್ ಬಣ್ಣವನ್ನು ಕುಂಚದಲ್ಲಿ ತೆಳುವಾಗಿ ಮೂರು ಸಲ ಬಳಿಯಿರಿ.

ಪ್ರೈಮರ್ ಅಂದರೆ ನಿಮ್ಮ ತಪ್ಪು ತೋರಿಸುವ ಕನ್ನಡಿ. ಎರಡು ಕಿಟ್‌ನ ಎರಡು ಬಣ್ಣದ ಪ್ಲಾಸ್ಟಿಕ್ ಒಂದೇ ಬೂದು ಬಣ್ಣಕ್ಕೆ ಬಂದಾಗ ಬೆಸುಗೆಯ ಗೆರೆ ಎದ್ದು ಕಾಣುತ್ತದೆ. ಬೇಸರ ಬೇಡ, ಅಂಬಲಿ ಅಂಟು ಹಚ್ಚಿ, 600 ಪೇಪರಿನಲ್ಲಿ ನೀರು ಹಾಕಿ ಉಜ್ಜಿ, ಮತ್ತೆ ಪ್ರೈಮರ್. ನನಗೆ ಮೂರು ಸುತ್ತು ಬೇಕಾಯಿತು.

ಚಿಕ್ಕಮಗಳೂರಿನ ಗಾಡಿಗೆ ಕೆಎ-18, ಹಾಸನದ್ದಾದರೆ ಕೆಎ-13. ಎರಡು ಸಾಲಿನ ನಂಬರ್ ಪ್ಲೇಟ್ 340 ಗುಣಿಸು 200 ಮಿ.ಮೀ., ನಮ್ಮ ಸ್ಕೇಲಿನಲ್ಲಿ 14.2 ಗುಣಿಸು 8.3. ಸ್ವಂತ ಗಾಡಿಗೆ ಬಿಳಿ, ಬಾಡಿಗೆ ಗಾಡಿಗೆ ಹಳದಿ. ಯಾರದೋ ನಿಜವಾದ ನಂಬರ್ ಹಾಕಬೇಡಿ.

ಕೆಸರು

ತೋಟದ ಮಣ್ಣನ್ನೇ ಬಳಸಬಹುದು, ಆದರೆ ಹಸಿಯಾಗಿ ಬಳಸಿದರೆ ಬೂಷ್ಟು ಬರುತ್ತದೆ. ಹಳೇ ತವಾದ ಮೇಲೆ ಚೆನ್ನಾಗಿ ಹುರಿಯಿರಿ. ಅಡುಗೆಮನೆಯ ಒಳ್ಳೆ ತವಾ ಬೇಡ, ನಾನು ಆ ತಪ್ಪು ಮಾಡಿ ಒಂದು ವಾರ ಮಾತು ಕೇಳಿದ್ದೇನೆ. ಹುರಿದದ್ದನ್ನು ತೆಳು ಬಟ್ಟೆಯಲ್ಲಿ ಸೋಸಿ, ಮ್ಯಾಟ್ ವಾರ್ನಿಶ್‌ನಲ್ಲಿ ಕಲಸಿ. ಕೆಸರು ಚಕ್ರದ ಗೂಡಿನೊಳಗೆ, ಮಡ್‌ಗಾರ್ಡಿನ ಹಿಂದೆ, ಹಿಂದಿನ ಬಂಪರಿಗೆ. ಬಾನೆಟ್ ಮೇಲೆ ಬೇಡ, ಅಲ್ಲಿ ಧೂಳು ಮಾತ್ರ.

ಬಣ್ಣ ಸವೆಯುವ ಜಾಗವನ್ನು ನಿಜವಾದ ಗಾಡಿ ನೋಡಿ ಹುಡುಕಿ. ಚಿಕ್ಕಪ್ಪನ ಜೀಪಿನಲ್ಲಿ ಬಲಗಡೆ ಬಾಗಿಲಿನ ಬಾಗಿನಲ್ಲಿ ಅವರ ಮೊಣಕೈ ಊರುವ ಜಾಗ ಬರೀ ತಗಡು, ಹೊಳೆಯುತ್ತದೆ. ಟೇಲ್‌ಗೇಟಿನ ನಡುವೆ ಸವೆದಿಲ್ಲ, ಎಡತುದಿ ಮಾತ್ರ ಸವೆದಿದೆ, ಆಳುಗಳೆಲ್ಲ ಅಲ್ಲೇ ಕಾಲಿಟ್ಟು ಹತ್ತುವುದು. 2ಬಿ ಪೆನ್ಸಿಲ್ಲಿನ ಪುಡಿಯನ್ನು ಬೆರಳಿನಲ್ಲಿ ಉಜ್ಜಿದರೆ ಆ ಹೊಳಪು ಬರುತ್ತದೆ.

ಹಿಂದೆ ಎರಡು ಕಾಫಿ ಮೂಟೆ. ಗಾಯಕ್ಕೆ ಕಟ್ಟುವ ಗಾಜ್ ಬಟ್ಟೆಯನ್ನು ಚಹಾ ಡಿಕಾಕ್ಷನ್‌ನಲ್ಲಿ ಅದ್ದಿ ಒಣಗಿಸಿ, ಎಂ-ಸೀಲ್ ಉಂಡೆಗೆ ಸುತ್ತಿ. ಮನೆಯ 50 ಕೆಜಿ ಮೂಟೆ ಅಳೆದಾಗ ತುಂಬಿದ ಮೇಲೆ 80 ಸೆಂ.ಮೀ. ಉದ್ದ ಬಂತು, ಇಲ್ಲಿ 33 ಮಿ.ಮೀ. ಒಳಗೆ ರಾಗಿ, ಅಕ್ಕಿ ತುಂಬಬೇಡಿ, ಹುಳ ಬರುತ್ತದೆ.

ಕೊನೆಯದಾಗಿ ಟೈರು. ಕಿಟ್‌ನ ಮೆತ್ತನೆಯ ವಿನೈಲ್ ಟೈರು ಪ್ಲಾಸ್ಟಿಕ್ ಡಿಸ್ಕಿಗೆ ನೇರ ತಾಗಿದ್ದರೆ ವರ್ಷ ಕಳೆದಂತೆ ಅದನ್ನು ನಿಧಾನವಾಗಿ ಕರಗಿಸುತ್ತದೆ. ಟೈರು ಹಾಕುವ ಮುನ್ನ ಡಿಸ್ಕಿನ ಅಂಚಿಗೆ ಫೆವಿಕಾಲ್ ಬಳಿದು ಒಣಗಿಸಿ. ಗಾಡಿಯನ್ನು ಮುಚ್ಚಳವಿರುವ ಅಕ್ರಿಲಿಕ್ ಪೆಟ್ಟಿಗೆಯಲ್ಲಿಟ್ಟು, ಜೊತೆಗೆ ಔಷಧಿ ಡಬ್ಬಿಗಳಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣ ನಾಲ್ಕು ಹಾಕಿ, ಮೇ ತಿಂಗಳ ಕೊನೆಯಲ್ಲಿ, ಮಳೆ ಹಿಡಿಯುವ ಮುಂಚೆ, ಅವನ್ನು ಬದಲಾಯಿಸಿ.